ಹಳೆಯ ಎಂಜಿನ್ನಿನ ವೇಗವೂ ಸವೆತವೂ

ಹಳೆಯ ಮೋಟಾರುಗಾಡಿಯೊಂದನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವವರಲ್ಲಿ ಬಹುಮಂದಿಗೆ, ಎಂಜಿನ್ನು ಎಷ್ಟು ನಿಧಾನವಾಗಿ ತಿರುಗಿದರೆ ಅಷ್ಟು ದೀರ್ಘಕಾಲ ಬಾಳುತ್ತದೆಂಬ ದೃಢವಾದ ನಂಬಿಕೆಯುಂಟು. ಆದಕಾರಣ ಅವರು ಗಾಡಿ ಹೊರಟ ನಾಲ್ಕು ಮಾರಿನೊಳಗೇ ಟಾಪ್ ಗೇರಿಗೆ ಬರುತ್ತಾರೆ. ಮುಂದೆ ಏರು ಎದುರಾದರೂ, ಎಂಜಿನ್ನು ನಡುಗಿ ಮುಗ್ಗರಿಸುವಂತಾದರೂ, ಗೇರು ಇಳಿಸಿ ಅದರ ಸದ್ದನ್ನು ಏರಿಸಲು ಅವರಿಗೆ ಮನಸ್ಸು ಬಾರದು. ಈ ನಂಬಿಕೆಯ ಹಿಂದಿರುವ ಪ್ರೀತಿ ಗೌರವಾರ್ಹವಾದುದೇ. ಆದರೆ ನಂಬಿಕೆ ಅರ್ಧ ಮಾತ್ರ ನಿಜ, ಮತ್ತು ನಿಜವಲ್ಲದ ಉಳಿದರ್ಧವೇ ಅನೇಕ ಒಳ್ಳೆಯ ಎಂಜಿನ್ನುಗಳ ಬೇರಿಂಗುಗಳನ್ನು ಅಕಾಲದಲ್ಲಿ ಹಾಳುಮಾಡಿದೆ. ಎಂಜಿನ್ನಿನ ವೇಗ ಏರಿದಷ್ಟೂ ಸವೆತ ಏರುತ್ತದೆಂಬುದು ಸಮನಾಗಿ ನಡೆಯುವ ಲೆಕ್ಕವಲ್ಲ. ತೀರ ಕೆಳಗಿನ ವೇಗದಲ್ಲಿಯೂ ಹಾನಿಯುಂಟು, ತೀರ ಮೇಲಿನ ವೇಗದಲ್ಲಿಯೂ ಹಾನಿಯುಂಟು, ಇವೆರಡರ ನಡುವೆ ಎಂಜಿನ್ನಿಗೆ ಒಗ್ಗುವ ಸಾಕಷ್ಟು ವಿಶಾಲವಾದ ನೆಲೆಯೊಂದುಂಟು.

ಮೊದಲು, ಟಾಪ್ ಗೇರನ್ನು ನೆಚ್ಚಿದವರ ಪಕ್ಷದಲ್ಲಿ ಇರುವ ನ್ಯಾಯವನ್ನು ಒಪ್ಪಿಕೊಳ್ಳೋಣ. ನಮ್ಮ ರಸ್ತೆಗಳಲ್ಲಿ ಎರಡು ತಲೆಮಾರುಗಳ ಕಾಲ ಓಡಾಡಿದ ಅಂಬಾಸಡರ್ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯನ್ನು ಆಧಾರವಾಗಿಟ್ಟುಕೊಂಡು, ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯವರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಈ ಗಾಡಿಯಲ್ಲಿ ಬಹುಕಾಲ ಇದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಸರಣಿಯ 1489 ಸಿಸಿ ಎಂಜಿನ್ನು. ಅದರ ಬೋರಿನ, ಎಂದರೆ ಪಿಸ್ಟನ್ನು ಓಡಾಡುವ ಸಿಲಿಂಡರಿನ ಒಳಗಿನ, ವ್ಯಾಸ ಸುಮಾರು 73 ಮಿಲಿಮೀಟರು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಸರಿಯುವ ದೂರ, ಎಂದರೆ ಸ್ಟ್ರೋಕು, 88.9 ಮಿಲಿಮೀಟರು. ಕ್ರ್ಯಾಂಕ್‌ಶಾಫ್ಟು ಒಂದು ಸುತ್ತು ತಿರುಗುವಷ್ಟರಲ್ಲಿ ಪಿಸ್ಟನ್ನು ಒಮ್ಮೆ ಇಳಿದು ಒಮ್ಮೆ ಏರುವುದರಿಂದ, ಅದರ ರಿಂಗುಗಳು ಪ್ರತಿಯೊಂದು ಸುತ್ತಿಗೂ ಸುಮಾರು 178 ಮಿಲಿಮೀಟರು ದೂರ ಬೋರಿನ ಗೋಡೆಯನ್ನು ಉಜ್ಜಿ ನಡೆಯುತ್ತವೆ. ಆ ಕಾಲದ ಸಾಧಾರಣ ಗಾಡಿಗಳು ಟಾಪ್ ಗೇರಿನಲ್ಲಿ, ಎಂಜಿನ್ನು ನಿಮಿಷಕ್ಕೆ 1000 ಸುತ್ತು ತಿರುಗುವಾಗ, ಗಂಟೆಗೆ ಸುಮಾರು 25 ಕಿಲೋಮೀಟರು ಓಡುತ್ತವೆಂದು ಇಟ್ಟುಕೊಂಡರೆ, ಒಂದು ಕಿಲೋಮೀಟರಿಗೆ 2400 ಸುತ್ತುಗಳಾದುವು; ಅಷ್ಟರಲ್ಲಿ ಪ್ರತಿಯೊಂದು ಪಿಸ್ಟನ್ನೂ ಬೋರಿನೊಳಗೆ 427 ಮೀಟರಿನಷ್ಟು ದಾರಿ ಸವೆಸಿತು. ಗಮನಿಸಬೇಕಾದ ಅಂಶವೆಂದರೆ, ಗಾಡಿ ಗಂಟೆಗೆ 40 ಕಿಲೋಮೀಟರಿನಂತೆ ಹೋದರೂ 80 ಕಿಲೋಮೀಟರಿನಂತೆ ಹೋದರೂ, ಗೇರು ಬದಲಾಗದಿರುವ ತನಕ ಈ 427 ಮೀಟರು ಬದಲಾಗದು. ಮೂರನೆಯ ಗೇರಿಗೆ ಬಂದರೆ ಅದು ಸುಮಾರು ಒಂದೂವರೆ ಪಟ್ಟಾಗಿ 640 ಮೀಟರಿಗೆ ಏರುತ್ತದೆ. ಒಂದರ ಮೇಲೊಂದು ಜಾರುವ ಲೋಹಗಳ ಸವೆತ, ಮೇಲಿನ ಭಾರಕ್ಕೂ ಜಾರಿದ ದೂರಕ್ಕೂ ಅನುಗುಣವಾಗಿ ಹೆಚ್ಚುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಆರ್ಚರ್ಡ್ 1953ರಲ್ಲಿ ಪ್ರತಿಪಾದಿಸಿದ ನಿಯಮವನ್ನು ಇಲ್ಲಿ ಹಾಗೆಯೇ ಅನ್ವಯಿಸಿದರೆ, ಟಾಪ್ ಗೇರಿನ ಪಕ್ಷದವರೇ ಗೆದ್ದಂತಾಯಿತು.

ಆದರೆ ಆ ನಿಯಮ ಲೋಹ ಲೋಹವನ್ನು ಮುಟ್ಟುವ ಸಂದರ್ಭಕ್ಕೆ ಸಲ್ಲುವಂಥದು. ಎಂಜಿನ್ನಿನ ಬೇರಿಂಗುಗಳಾದರೋ ಲೋಹ ಲೋಹವನ್ನು ಮುಟ್ಟದಿರಲೆಂದೇ ರಚಿತವಾದುವು. ಈ ರಹಸ್ಯ ಬೆಳಕಿಗೆ ಬಂದ ವೃತ್ತಾಂತ ಸ್ವಾರಸ್ಯವಾದುದು. 1880ರ ದಶಕದ ಆರಂಭದಲ್ಲಿ ಬೋಶಾಂ ಟವರ್ ಎಂಬ ಎಂಜಿನಿಯರು, ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಪರವಾಗಿ, ರೈಲುಬಂಡಿಯ ಅಚ್ಚಿನ ಬೇರಿಂಗುಗಳಲ್ಲಿ ಆಗುವ ಘರ್ಷಣೆಯನ್ನು ಅಳೆಯುತ್ತಿದ್ದನು. ಎಣ್ಣೆ ಹಾಕುವುದಕ್ಕಾಗಿ ಬೇರಿಂಗಿನ ನೆತ್ತಿಯಲ್ಲಿ ಅವನು ಕೊರೆದಿದ್ದ ರಂಧ್ರದಿಂದ, ಅಚ್ಚು ತಿರುಗಲು ತೊಡಗಿದೊಡನೆ, ಎಣ್ಣೆ ಒಳಕ್ಕಿಳಿಯುವ ಬದಲು ಹೊರಕ್ಕೆ ಉಕ್ಕಿತು. ಬಿರಡೆ ಜಡಿದನು, ಬಿರಡೆ ಹಾರಿಹೋಯಿತು. ಮರದ ಗೂಟ ಹೊಡೆದನು, ಅದೂ ನಿಲ್ಲಲಿಲ್ಲ. ಕೊನೆಗೆ ಆ ರಂಧ್ರಕ್ಕೆ ಒತ್ತಡಮಾಪಕವನ್ನು ಸೇರಿಸಿ ನೋಡಿದಾಗ, ಅಲ್ಲಿನ ಎಣ್ಣೆಯ ಒತ್ತಡ ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರವನ್ನೂ ಮೀರಿತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿನೊಳಕ್ಕೆ ಎಳೆದುಕೊಂಡು, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆಂಬ ಸಂಗತಿ ಹೀಗೆ ಪ್ರಕಟವಾಯಿತು. ಅದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬಿಡಿಸಿಟ್ಟನು. ಚಪ್ಪಟೆಯಾದ ಕಲ್ಲನ್ನು ಕೆರೆಯ ನೀರಿನ ಮೇಲೆ ವೇಗವಾಗಿ ಬೀಸಿದರೆ ಅದು ಮುಳುಗದೆ ನೆಗೆಯುತ್ತ ಸಾಗಿ, ವೇಗ ಕುಂದಿದೊಡನೆ ಮುಳುಗುವುದಲ್ಲವೆ. ಬೇರಿಂಗಿನೊಳಗಿನ ಶಾಫ್ಟಿನ ಸ್ಥಿತಿಯೂ ಅಂಥದೇ. ಅದನ್ನು ಎತ್ತಿ ಹಿಡಿಯುವುದು ವೇಗ. ಎಣ್ಣೆಯ ಪೊರೆಯ ದಪ್ಪ ವೇಗದೊಡನೆಯೂ ಎಣ್ಣೆಯ ಮಂದತೆಯೊಡನೆಯೂ ಹೆಚ್ಚುತ್ತದೆ, ಭಾರ ಹೆಚ್ಚಿದಂತೆ ತೆಳುವಾಗುತ್ತದೆ. 1902ರಲ್ಲಿ ಜರ್ಮನಿಯ ಸ್ಟ್ರೈಬೆಕ್, ವೇಗ ಒಂದು ಮಿತಿಗಿಂತ ಕೆಳಗಿಳಿದಾಗ ಬೇರಿಂಗಿನ ಘರ್ಷಣೆ ಇದ್ದಕ್ಕಿದ್ದಂತೆ ಮೇಲಕ್ಕೇರುವುದನ್ನು ಪ್ರಯೋಗಗಳಿಂದ ವಿಶದವಾಗಿ ತೋರಿಸಿದನು. ಪೊರೆ ಹರಿದು ಲೋಹ ಲೋಹವನ್ನು ಸ್ಪರ್ಶಿಸಿತೆಂಬುದೇ ಆ ಏರಿಕೆಯ ಅರ್ಥ.

ಈಗ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಟಾಪ್ ಗೇರಿನಲ್ಲಿಯೇ ಹತ್ತಿಸುವ ಹಟದಿಂದ, ಆಕ್ಸಿಲರೇಟರನ್ನು ಪೂರ್ತಿಯಾಗಿ ಅದುಮಿ, ನಿಮಿಷಕ್ಕೆ 1200 ಸುತ್ತಿನಲ್ಲಿ ಎಂಜಿನ್ನನ್ನು ತೇಕಿಸುತ್ತ ಹೋಗುವ ಗಾಡಿಯೊಳಗೆ ನಡೆಯುವುದೇನೆಂಬುದನ್ನು ಪರಿಶೀಲಿಸೋಣ. ಪ್ರತಿಯೊಂದು ಸಿಡಿತದ ಒತ್ತಡವೂ ಪೂರ್ಣಪ್ರಮಾಣದಲ್ಲಿ ಪಿಸ್ಟನ್ನಿನ ತಲೆಯ ಮೇಲೆ ಬಿದ್ದು, ಕನೆಕ್ಟಿಂಗ್ ರಾಡಿನ ಮೂಲಕ ಬಿಗ್‌ಎಂಡ್ ಬೇರಿಂಗಿಗೆ ಇಳಿಯುತ್ತದೆ. ಇತ್ತ ಶಾಫ್ಟಿನ ವೇಗ ಕಡಿಮೆಯಾದ್ದರಿಂದ ಎಣ್ಣೆಯ ಪೊರೆ ತೆಳುವಾಗಿದೆ. ಎಣ್ಣೆಯ ಪಂಪನ್ನು ತಿರುಗಿಸುವುದೂ ಅದೇ ಎಂಜಿನ್ನಾದ್ದರಿಂದ ಪಂಪು ತಳ್ಳುವ ಎಣ್ಣೆಯೂ ಕಡಿಮೆ. ನೀರಿನ ಪಂಪೂ ಫ್ಯಾನೂ ಮಂದವಾಗಿ ತಿರುಗುವುದರಿಂದ ಕಾವು ಏರಿ, ಇರುವ ಎಣ್ಣೆ ಮತ್ತಷ್ಟು ನೀರಾಗುತ್ತದೆ. ಭಾರ ಅತ್ಯಧಿಕವಾಗಿರುವ ಗಳಿಗೆಯಲ್ಲಿಯೇ ಆಸರೆ ಅತ್ಯಲ್ಪವಾಗಿರುವ ಇಂಥ ದುರವಸ್ಥೆ ಎಂಜಿನ್ನಿನ ಬಾಳಿನಲ್ಲಿ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಗೇರನ್ನು ಇಳಿಸಿ ಸುತ್ತುಗಳನ್ನು 2000ದಿಂದ 2500ರ ಮಧ್ಯಕ್ಕೆ ತಂದರೆ, ಅದೇ ಏರನ್ನು ಅದೇ ವೇಗದಲ್ಲಿ ಹತ್ತಲು ಒಂದೊಂದು ಸಿಡಿತವೂ ಹೊರಬೇಕಾದ ಹೊಣೆ ಬಹುಮಟ್ಟಿಗೆ ತಗ್ಗುತ್ತದೆ, ಪೊರೆ ದಪ್ಪವಾಗುತ್ತದೆ. ಇದಲ್ಲದೆ ಇನ್ನೊಂದು ಉಪಕಾರವೂ ಉಂಟು. ಪಿಸ್ಟನ್ನು ತನ್ನ ಓಟದ ತುದಿಯಲ್ಲಿ ನಿಂತು ಹಿಂತಿರುಗುವಾಗ ಅದರ ಜಡತ್ವ ಅದನ್ನು ಮೇಲಕ್ಕೇ ಎಳೆಯುತ್ತಿರುತ್ತದೆ. ಸಿಡಿತ ಅದನ್ನು ಕೆಳಕ್ಕೆ ದೂಡುತ್ತದೆ. ಮಧ್ಯಮ ವೇಗಗಳಲ್ಲಿ ಈ ಎರಡು ಬಲಗಳು ಒಂದನ್ನೊಂದು ಭಾಗಶಃ ಕಳೆಯುವುದರಿಂದ ಬೇರಿಂಗಿನ ಮೇಲಣ ಪೆಟ್ಟು ಮೃದುವಾಗುತ್ತದೆ. ನುರಿತ ಡ್ರೈವರುಗಳು ಘಟ್ಟದ ಬುಡದಲ್ಲಿಯೇ ಗೇರು ಇಳಿಸುವುದು ಕೇವಲ ಎಳೆತಕ್ಕಾಗಿ ಎಂದು ತೋರಬಹುದು. ಅವರು ಅರಿತೋ ಅರಿಯದೆಯೋ ಬೇರಿಂಗುಗಳನ್ನೂ ಕಾಪಾಡುತ್ತಿರುತ್ತಾರೆ.

ಹಾಗಾದರೆ ವೇಗವನ್ನು ಏರಿಸುತ್ತಲೇ ಹೋಗಬಹುದೇ ಎಂದರೆ, ಅದೇ ಜಡತ್ವವೇ ಅಡ್ಡಬರುತ್ತದೆ. ಎಣ್ಣೆಯ ಪೊರೆಗೆ ವೇಗದಿಂದ ದೊರೆಯುವ ಬಲ ಸುತ್ತುಗಳ ಸಂಖ್ಯೆಯೊಡನೆ ಏರಿದರೆ, ಪಿಸ್ಟನ್ನಿನ ಜಡತ್ವದಿಂದ ಒದಗುವ ಭಾರ ಆ ಸಂಖ್ಯೆಯ ವರ್ಗದೊಡನೆ ಏರುತ್ತದೆ. ಸುತ್ತು ಇಮ್ಮಡಿಯಾದರೆ ಭಾರ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತುಮಡಿ. ಮೇಲೆ ಹೇಳಿದ 1489 ಸಿಸಿ ಎಂಜಿನ್ನಿನಲ್ಲಿ ನಿಮಿಷಕ್ಕೆ 2000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 6 ಮೀಟರಿನಷ್ಟು. 4000 ಸುತ್ತಿನಲ್ಲಿ 12 ಮೀಟರಿನಷ್ಟು. ವೇಗದ ಹೆಚ್ಚಳ ಎರಡು ಪಟ್ಟು ಮಾತ್ರವಾದರೂ, ಓಟದ ಮೇಲ್ತುದಿಯಲ್ಲಿ ಪಿಸ್ಟನ್ನು ಅನುಭವಿಸುವ ತ್ವರಣ ಗುರುತ್ವಾಕರ್ಷಣೆಯ ಸುಮಾರು 250 ಪಟ್ಟಿನಿಂದ ಸುಮಾರು 1000 ಪಟ್ಟಿಗೆ ಜಿಗಿಯುತ್ತದೆ. ಆ ಎಳೆತವನ್ನು ತಾಳಬೇಕಾದುದು ಕನೆಕ್ಟಿಂಗ್ ರಾಡಿನ ಎರಡು ಬೋಲ್ಟುಗಳು ಮತ್ತು ಬೇರಿಂಗಿನ ತೆಳುವಾದ ಬಿಳಿಲೋಹದ ಲೇಪ. ಬಿಳಿಲೋಹ ಮೆತ್ತಗಿನದು; ಕಾವೇರಿದಂತೆ ಮತ್ತೂ ಸೊರಗುವಂಥದು; ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಲಿದ ಮೇಲೆ ಅದು ಸವೆಯುವುದಕ್ಕೆ ಮೊದಲೇ ಸೀಳಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ರಿಂಗುಗಳೂ ಆ ತ್ವರಣದಲ್ಲಿ ತಮ್ಮ ತೋಡಿನೊಳಗೆ ಕೂತಿರಲಾರದೆ ಅದುರತೊಡಗಿ, ಉರಿದ ಅನಿಲ ಅವುಗಳನ್ನು ದಾಟಿ ಕೆಳಕ್ಕೆ ನುಗ್ಗಿ, ಬೋರಿನ ಗೋಡೆಯ ಎಣ್ಣೆಯನ್ನು ಸುಟ್ಟುಬಿಡುತ್ತದೆ. ‘ಬಿ’ ಸರಣಿಯ ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿರುವ ಮುಖ್ಯ ಬೇರಿಂಗುಗಳು ಮೂರೇ ಆದ್ದರಿಂದ, ಎರಡು ಬೇರಿಂಗುಗಳ ನಡುವಿನ ಶಾಫ್ಟು ಅತಿವೇಗದಲ್ಲಿ ಬಳುಕುವ ಭಯವೂ ಉಂಟು. ಇದೇ ಸರಣಿಯ 1798 ಸಿಸಿ ಎಂಜಿನ್ನಿಗೆ 1964ರಲ್ಲಿ ಐದು ಬೇರಿಂಗುಗಳನ್ನು ಕೊಟ್ಟ ಮೇಲೆ ಆ ಬಳುಕು ಹತೋಟಿಗೆ ಬಂದಿತು.

ಬ್ರಿಟನ್ನಿನ ಹಳೆಯ ಎಂಜಿನ್ನುಗಳು ಈ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಕಾರಣ ಎಂಜಿನಿಯರುಗಳ ಅಜ್ಞಾನವಲ್ಲ, ಸರ್ಕಾರದ ತೆರಿಗೆ. ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಸೂತ್ರವೊಂದರ ಪ್ರಕಾರ ಗಾಡಿಯ ಅಶ್ವಶಕ್ತಿಯನ್ನು ಗಣಿಸಿ, 1921ರಿಂದ ಒಂದೊಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದೊಂದು ಪೌಂಡಿನಂತೆ ಅಲ್ಲಿ ತೆರಿಗೆ ವಿಧಿಸಲಾಯಿತು. ಆ ಸೂತ್ರದಲ್ಲಿ ಬೋರಿನ ವ್ಯಾಸಕ್ಕೂ ಸಿಲಿಂಡರುಗಳ ಸಂಖ್ಯೆಗೂ ಸ್ಥಾನವಿತ್ತೇ ಹೊರತು ಸ್ಟ್ರೋಕಿಗೆ ಸ್ಥಾನವಿರಲಿಲ್ಲ. ಎಲ್ಲ ಎಂಜಿನ್ನುಗಳ ಪಿಸ್ಟನ್ನೂ ನಿಮಿಷಕ್ಕೆ 1000 ಅಡಿಯಂತೆ, ಎಂದರೆ ಸೆಕೆಂಡಿಗೆ ಸುಮಾರು 5 ಮೀಟರಿನಂತೆ, ಚಲಿಸುತ್ತದೆಂದು ಅದನ್ನು ರಚಿಸಿದವರು ಭಾವಿಸಿಕೊಂಡಿದ್ದರು. ಬೋರನ್ನು ಕಿರಿದುಮಾಡಿ ಸ್ಟ್ರೋಕನ್ನು ಉದ್ದಮಾಡಿದರೆ ತೆರಿಗೆ ಉಳಿಯುವುದಾದ್ದರಿಂದ, ತಯಾರಕರು ಆ ದಾರಿಯನ್ನೇ ಹಿಡಿದರು. 1930ರ ದಶಕದ ಮಾರಿಸ್ ಎಯ್ಟ್ ಗಾಡಿಯ ಬೋರು 57 ಮಿಲಿಮೀಟರು, ಸ್ಟ್ರೋಕು 90 ಮಿಲಿಮೀಟರು. 918 ಸಿಸಿಯ ಈ ಪುಟ್ಟ ಎಂಜಿನ್ನಿನ ಸ್ಟ್ರೋಕು ಅಂಬಾಸಡರಿನ ಎಂಜಿನ್ನಿನದಕ್ಕಿಂತಲೂ ಉದ್ದ. ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಪಿಸ್ಟನ್ನು ಸೆಕೆಂಡಿಗೆ 12 ಮೀಟರಿನಂತೆ ಧಾವಿಸಬೇಕು. ತೆರಿಗೆಯ ಸೂತ್ರ ಕಲ್ಪಿಸಿಕೊಂಡಿದ್ದುದರ ಎರಡು ಪಟ್ಟಿಗೂ ಅಧಿಕ! ನಿಮಿಷಕ್ಕೆ 2500 ಅಡಿ, ಎಂದರೆ ಸೆಕೆಂಡಿಗೆ 12.7 ಮೀಟರಿನ ಪಿಸ್ಟನ್ ವೇಗವೇ ದೀರ್ಘಪ್ರಯಾಣಕ್ಕೆ ತಕ್ಕ ಕಟ್ಟಕಡೆಯ ಮಿತಿಯೆಂದು ಅಂದಿನ ಬ್ರಿಟಿಷ್ ಪರೀಕ್ಷಕರು ಸಾಮಾನ್ಯವಾಗಿ ಎಣಿಸುತ್ತಿದ್ದರು. ಉದ್ದ ಸ್ಟ್ರೋಕಿನ ಎಂಜಿನ್ನಿಗೆ ಅದು 4200 ಸುತ್ತಿನ ಆಸುಪಾಸಿನಲ್ಲಿಯೇ ಬಂದುಬಿಡುತ್ತದೆ.

ಅಂಕುಡೊಂಕಾದ ಕಿರಿದಾರಿಗಳಲ್ಲಿ ಈ ದೋಷ ಹೊರಗೆ ತೋರಲಿಲ್ಲ. 1959ರ ನವೆಂಬರ್ 2ರಂದು ಇಂಗ್ಲೆಂಡಿನಲ್ಲಿ ಎಂ1 ಹೆದ್ದಾರಿಯ ಮೊದಲ ಉದ್ದವಾದ ಭಾಗ, ವೇಗದ ಮಿತಿಯೇ ಇಲ್ಲದೆ, ಸಂಚಾರಕ್ಕೆ ತೆರೆದಾಗ, ಊರಿನಿಂದೂರಿಗೆ ವರ್ಷಗಟ್ಟಲೆ ನಿಶ್ಚಿಂತೆಯಿಂದ ಓಡಿದ್ದ ಗಾಡಿಗಳು ಗಂಟೆಗಟ್ಟಲೆ ಒಂದೇ ಸಮನೆ ಪೂರ್ಣವೇಗದಲ್ಲಿ ಓಡಬೇಕಾಗಿ ಬಂದು, ಕಾವು ಏರಿಯೋ ಬೇರಿಂಗು ಕೆಟ್ಟೋ ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತುವು. ಗಳಿಗೆಯ ಮಟ್ಟಿನ ವೇಗಕ್ಕೂ ಗಂಟೆಗಳ ಕಾಲದ ವೇಗಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ. ಎಣ್ಣೆಗೆ ಕಾವು ಹತ್ತಲು ಕಾಲ ಬೇಕು, ಹತ್ತಿದ ಮೇಲೆ ಇಳಿಯಲು ವಿರಾಮ ಬೇಕು.

ಇದೇ ಸಮಸ್ಯೆಯನ್ನು ಜರ್ಮನಿಯಲ್ಲಿ ಮೊದಲೇ ಮನಗಂಡು ಪರಿಹರಿಸಿದವರು ಫರ್ಡಿನಂಡ್ ಪೋರ್ಷೆ ಮತ್ತು ಅವರ ಸಂಗಡಿಗರು. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನಂತೆ ಎಡೆಬಿಡದೆ ಓಡಬೇಕೆಂಬ ನಿಯಮಕ್ಕೆ ಒಳಪಟ್ಟು ಅವರು ರಚಿಸಿದ ಫೋಕ್ಸ್‌ವ್ಯಾಗನ್ನಿನ 1131 ಸಿಸಿ ಎಂಜಿನ್ನಿನ ಬೋರು 75 ಮಿಲಿಮೀಟರು, ಸ್ಟ್ರೋಕು 64 ಮಿಲಿಮೀಟರು ಮಾತ್ರ. ಅದರ ಪೂರ್ಣಶಕ್ತಿಯಾದ 25 ಅಶ್ವಬಲ ನಿಮಿಷಕ್ಕೆ 3300 ಸುತ್ತಿನಲ್ಲಿಯೇ ಲಭಿಸುತ್ತದೆ; ಆಗಲೂ ಪಿಸ್ಟನ್ನಿನ ವೇಗ ಸೆಕೆಂಡಿಗೆ 7 ಮೀಟರನ್ನು ಹೆಚ್ಚು ದಾಟುವುದಿಲ್ಲ. ಗಾಡಿಯ ಪರಮವೇಗವೂ ಅದು ದಿನವಿಡೀ ಓಡಬಲ್ಲ ವೇಗವೂ ಒಂದೇ ಎಂದು ಅದರ ತಯಾರಕರು ಧೈರ್ಯವಾಗಿ ಸಾರಲು ಸಾಧ್ಯವಾದದ್ದು ಈ ಕಾರಣದಿಂದ. ಬ್ರಿಟನ್ನಿನವರು ಬೇರೊಂದು ದಾರಿ ಹುಡುಕಿದರು: ಡಿ ನಾರ್ಮನ್‌ವಿಲ್ ಎಂಬಾತನು ರೂಪಿಸಿ ಲೇಕಾಕ್ ಸಂಸ್ಥೆ ತಯಾರಿಸಿದ ಓವರ್‌ಡ್ರೈವನ್ನು ಗೇರ್‌ಬಾಕ್ಸಿನ ಹಿಂದೆ ಜೋಡಿಸಿ, ಗಾಡಿಯ ವೇಗ ಅಷ್ಟೇ ಇರುವಂತೆ ಎಂಜಿನ್ನಿನ ಸುತ್ತನ್ನು ಸುಮಾರು ಐದರಲ್ಲಿ ಒಂದು ಪಾಲು ಇಳಿಸಿದರು. ಹಳೆಯ ಗಾಡಿಯಲ್ಲಿ ಈ ಅನುಕೂಲವಿದ್ದರೆ ಸಮತಟ್ಟಾದ ಹೆದ್ದಾರಿಯಲ್ಲಿ ಅದನ್ನು ಉಪಯೋಗಿಸದಿರುವುದು ದಡ್ಡತನ. ಏರಿನಲ್ಲಿ ಉಪಯೋಗಿಸುವುದು ಅದಕ್ಕಿಂತ ಹೆಚ್ಚಿನ ದಡ್ಡತನ.

ವಾಲ್ವುಗಳನ್ನು ತೆರೆಯುವ ಕ್ಯಾಮು ಮತ್ತು ಟ್ಯಾಪೆಟ್ಟುಗಳ ಮಾತು ಬೇರೆಯೇ. ವಾಲ್ವ್ ಸ್ಪ್ರಿಂಗಿನ ಭಾರ ಕ್ಯಾಮಿನ ಮೂಗಿನ ಮೇಲೆ ಅತ್ಯಧಿಕವಾಗಿ ಬೀಳುವುದು ಎಂಜಿನ್ನು ಐಡ್ಲಿಂಗಿನಲ್ಲಿರುವಾಗ; ಅದಕ್ಕೆ ಕ್ರ್ಯಾಂಕ್ ಎರಚುವ ಎಣ್ಣೆ ಅತ್ಯಲ್ಪವಾಗಿರುವುದೂ ಆಗಲೇ. ಹೊಸ ಕ್ಯಾಮು ಕೂಡಿಸಿದ ಬಲ್ಲ ಮೇಸ್ತ್ರಿಗಳು ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದೊಡನೆ ಸುಮಾರು 2000 ಸುತ್ತಿಗೇರಿಸಿ, ಇಪ್ಪತ್ತು ನಿಮಿಷ ಅಲ್ಲಿಂದ ಇಳಿಸದಿರುವುದು ಈ ಕಾರಣಕ್ಕಾಗಿಯೇ. ಸತುವೂ ರಂಜಕವೂ ಕೂಡಿದ ಸಂಯುಕ್ತವೊಂದು 1940ರ ದಶಕದಿಂದೀಚೆಗೆ ಎಂಜಿನ್ ಆಯಿಲಿನಲ್ಲಿ ಸೇರಿ ಈ ಭಾಗಗಳನ್ನು ರಕ್ಷಿಸುತ್ತ ಬಂದಿದೆ. ಇಂದಿನ ಗಾಡಿಗಳ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ರಂಜಕ ಹಾನಿಕರವಾದ್ದರಿಂದ ಹೊಸ ಆಯಿಲುಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಹಳೆಯ ಗಾಡಿಗೆ ಆಯಿಲು ಕೊಳ್ಳುವವರು ಡಬ್ಬಿಯ ಬೆಲೆಯನ್ನು ನೋಡುವ ಮೊದಲು ಇದನ್ನು ವಿಚಾರಿಸತಕ್ಕದ್ದು.

ಇನ್ನು ಬೋರಿನ ಸವೆತ. ಎಂಜಿನ್ ಬಿಚ್ಚಿದಾಗ, ಮೇಲಿನ ರಿಂಗು ಬಂದು ನಿಂತು ಹಿಂತಿರುಗುವ ಸ್ಥಳದಲ್ಲಿ ಬೋರು ಗುಳಿಬಿದ್ದು, ಅದರ ಮೇಲೆ ಸವೆಯದ ಅಂಚೊಂದು ಉಳಿದಿರುವುದನ್ನು ಬೆರಳಿನಿಂದಲೇ ಗುರುತಿಸಬಹುದು. ಅಲ್ಲಿ ರಿಂಗಿನ ವೇಗ ಕ್ಷಣಕಾಲ ಶೂನ್ಯವಾಗುವುದರಿಂದ ಪೊರೆ ನಿಲ್ಲದು. ಕಾವೂ ಒತ್ತಡವೂ ಅಲ್ಲಿಯೇ ಅಧಿಕ. ಆದರೆ ಆ ಗುಳಿಗೆ ಘರ್ಷಣೆಯೊಂದೇ ಕಾರಣವಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಆಟೋಮೊಬೈಲ್ ಎಂಜಿನಿಯರುಗಳ ಸಂಸ್ಥೆ ನಡೆಸಿದ ಸಂಶೋಧನೆಗಳಿಂದ ಹೊರಪಟ್ಟ ಸತ್ಯ ಬಹುಜನರ ನಿರೀಕ್ಷೆಗೆ ವಿರುದ್ಧವಾಗಿತ್ತು: ಎಂಜಿನ್ನು ತಣ್ಣಗಿರುವಾಗ, ಉರಿದ ಅನಿಲದಲ್ಲಿನ ನೀರಿನ ಆವಿ ಬೋರಿನ ಗೋಡೆಯ ಮೇಲೆ ಹನಿಗಟ್ಟಿ, ಆಮ್ಲಗಳೊಡನೆ ಕೂಡಿ ಲೋಹವನ್ನು ಕೊರೆಯುತ್ತದೆ, ಬೋರು ಸವೆಯುವುದರಲ್ಲಿ ಈ ಕೊರೆತದ ಪಾಲು ಬಲು ದೊಡ್ಡದು. ಚೋಕ್ ಎಳೆದು ಚಾಲೂ ಮಾಡಿದಾಗ ಅಧಿಕವಾದ ಪೆಟ್ರೋಲು ಗೋಡೆಯ ಎಣ್ಣೆಯನ್ನು ತೊಳೆದುಹಾಕುವುದು ಇದರ ಜೊತೆಗೆ ಸೇರುತ್ತದೆ. ಆದ್ದರಿಂದ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿದೊಡನೆ ರೇಸ್ ಮಾಡಿ ಗರ್ಜಿಸುವುದು ಎಷ್ಟು ಅಪರಾಧವೋ, ಮನೆಯ ಮುಂದೆ ಹತ್ತು ಹದಿನೈದು ನಿಮಿಷ ಐಡ್ಲಿಂಗಿನಲ್ಲಿ ಬಿಡುವುದೂ ಅಷ್ಟೇ ಅಪರಾಧ. ಏಕೆಂದರೆ ಐಡ್ಲಿಂಗಿನಲ್ಲಿ ಎಂಜಿನ್ನು ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಕೊರೆತ ನಡೆದೇ ಇರುತ್ತದೆ. ಅರ್ಧ ನಿಮಿಷದಲ್ಲಿ ಆಯಿಲಿನ ಒತ್ತಡ ಬಂದುದನ್ನು ಕಂಡು, ಗಾಡಿಯನ್ನು ಹೊರಡಿಸಿ, ಮೊದಲ ಕೆಲವು ಕಿಲೋಮೀಟರು 1500ರಿಂದ 2500 ಸುತ್ತುಗಳ ನಡುವೆ, ಆಕ್ಸಿಲರೇಟರನ್ನು ಮೃದುವಾಗಿ ಒತ್ತಿ ನಡೆಸುವುದೇ ಸರಿಯಾದ ಕ್ರಮ. ನಮ್ಮದು ಸೆಕೆಯ ದೇಶವೆಂಬ ನೆವದಿಂದ ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿ ನಮ್ಮ ಕಡೆಯ ಕೆಲವು ವರ್ಕ್‌ಶಾಪುಗಳಲ್ಲಿ ಬೇರೂರಿದೆ. ಹೊರಗಿನ ಹವೆ ಎಷ್ಟೇ ಬಿಸಿಯಾಗಿದ್ದರೂ ಅದು ಬೋರಿನ ಗೋಡೆಗೆ ಬೇಕಾದ ಕಾವಿನ ಅರ್ಧದಷ್ಟೂ ಅಲ್ಲ. ಥರ್ಮೋಸ್ಟಾಟಿಲ್ಲದ ಎಂಜಿನ್ನು ಮುಂಜಾನೆಯ ಬೆಂಗಳೂರಿನಲ್ಲಿಯೋ ಮಡಿಕೇರಿಯಲ್ಲಿಯೋ ಅರ್ಧ ದಾರಿ ತಣ್ಣಗೇ ಓಡುತ್ತದೆ.

ಹಳೆಯ ಗಾಡಿಗಳಲ್ಲಿ ಸುತ್ತುಗಳನ್ನು ತೋರಿಸುವ ಮೀಟರು ಸಾಮಾನ್ಯವಾಗಿ ಇರುವುದಿಲ್ಲವಾದರೂ, ಹ್ಯಾಂಡ್‌ಬುಕ್ಕಿನಲ್ಲಿ 1000 ಸುತ್ತಿಗೆ ಟಾಪ್ ಗೇರಿನಲ್ಲಿ ಎಷ್ಟು ವೇಗವೆಂಬುದನ್ನು ಕೊಟ್ಟಿದ್ದರೆ, ಸ್ಪೀಡೋಮೀಟರಿನ ಮುಳ್ಳಿನಿಂದಲೇ ಲೆಕ್ಕ ಹಾಕಬಹುದು. ಮೇಲೆ ಹಿಡಿದ 25 ಕಿಲೋಮೀಟರಿನ ಲೆಕ್ಕದಲ್ಲಿ, 1489 ಸಿಸಿಯ ಎಂಜಿನ್ನಿಗೆ ಟಾಪ್ ಗೇರಿನಲ್ಲಿ 50ರಿಂದ 75 ಕಿಲೋಮೀಟರು ಹದವಾದ ವೇಗ. 40ಕ್ಕಿಂತ ಕೆಳಗಿಳಿದು ಎಳೆಯಬೇಕಾಗಿ ಬಂದರೆ ಮೂರನೆಯ ಗೇರು. 90ನ್ನು ದಾಟಿದ ಓಟ ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ. ಎಂಜಿನ್ನು ನಡುಗಿ ಸದ್ದು ತಗ್ಗಿಸಿದಾಗ ಅದು ಸುಖವಾಗಿದೆಯೆಂದು ಭಾವಿಸದಿರಿ, ಸದ್ದು ಸ್ವಲ್ಪ ಏರಿ ಸಮನಾಗಿ ಗುಂಯ್‌ಗುಟ್ಟಿದಾಗ ಅದಕ್ಕೆ ನೋವಾಯಿತೆಂದು ಮರುಗದಿರಿ.

ಕೊನೆಯದಾಗಿ, ಗಾಡಿಯನ್ನು ಷೆಡ್ಡಿನಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಆರಿಸಿಬಿಡುವವರಲ್ಲಿ ಒಂದು ವಿನಂತಿ. ಆ ಐದು ನಿಮಿಷದಲ್ಲಿ ಬೋರಿನ ಮೇಲೆ ಹನಿಗಟ್ಟಿದ ಆಮ್ಲವೂ, ಸಂಪಿನ ಆಯಿಲಿಗೆ ಸೇರಿದ ನೀರೂ ಪೆಟ್ರೋಲೂ ಆರುವಷ್ಟು ಕಾವು ಹುಟ್ಟುವುದಿಲ್ಲ; ಮುಂದಿನ ವಾರದವರೆಗೂ ಅವು ಒಳಗೇ ಉಳಿದು ತಮ್ಮ ಕೆಲಸ ಮಾಡುತ್ತಿರುತ್ತವೆ. ಹೊರತೆಗೆದ ದಿನ ಗಾಡಿಯನ್ನು ಇಪ್ಪತ್ತು ಕಿಲೋಮೀಟರಾದರೂ ರಸ್ತೆಯ ಮೇಲೆ ಓಡಿಸಿರಿ. ಅಷ್ಟು ಬಿಡುವಿಲ್ಲದಿದ್ದರೆ ಆ ದಿನ ಅದನ್ನು ಚಾಲೂ ಮಾಡದಿರುವುದೇ ಲೇಸು.